ಬಾಚಣಿಗೆ ನೆತ್ತಿ ಮುಟ್ಟುತ್ತಿಲ್ಲ: ಭುಜದ ಕೀಲು ಬದಲಿಸಿ ಏಳು ತಿಂಗಳಾಯಿತು

ಹಳೆಯ ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ. ಬರೆದು ಹೇಳುವುದು ಸುಲಭ, ಎರಡೂ ಕೈ ಎತ್ತಿ ಮುಗಿಯಲು ಆಗುತ್ತಿಲ್ಲ. ಅದೇ ನನ್ನ ಸಮಸ್ಯೆ.

ನನಗೆ 67 ವರ್ಷ. ತರೀಕೆರೆ ಕಡೆಯವಳು, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕಳೆದ ಆಷಾಢದಲ್ಲಿ ಬಚ್ಚಲಿನ ಪಾಚಿಗೆ ಕಾಲು ಜಾರಿ ಬಲಭುಜದ ಮೇಲೆ ಬಿದ್ದೆ. ಮೂಳೆ ನಾಲ್ಕು ಚೂರಾಗಿದೆ, ಜೋಡಿಸಿದರೂ ನಿಲ್ಲುವುದು ಅನುಮಾನ, ಕೀಲನ್ನೇ ಬದಲಿಸೋಣ ಎಂದರು. ಬದಲಿಸಿದರು. ಆರು ವಾರ ಸ್ಲಿಂಗ್. ಆಮೇಲೆ ಮೂರು ವಾರ ಆಟೋದಲ್ಲಿ ಪೇಟೆಗೆ ಹೋಗಿ ಫಿಜಿಯೋಥೆರಪಿ ಮಾಡಿಸಿಕೊಂಡೆ. ಅಲ್ಲಿ ಭುಜಕ್ಕೆ ಪ್ಯಾಡು ಅಂಟಿಸಿ ಜುಮುಜುಮು ಎನ್ನಿಸುವ ಯಂತ್ರ ಇಟ್ಟು ಇಪ್ಪತ್ತು ನಿಮಿಷ ಕೂರಿಸುತ್ತಿದ್ದರು, ಹೊರಡುವಾಗ ಕೈಯನ್ನು ಎರಡು ಸಲ ಎತ್ತಿ ಇಳಿಸುತ್ತಿದ್ದರು. ದಿನಕ್ಕೆ 400 ರೂಪಾಯಿ, ಆಟೋ ಬೇರೆ. ಬಿಟ್ಟುಬಿಟ್ಟೆ.

ಈಗ ತುತ್ತು ಬಾಯಿಗೆ ಬರುತ್ತದೆ, ಬಾಚಣಿಗೆ ನೆತ್ತಿಗೆ ಹೋಗುವುದಿಲ್ಲ. ಜಡೆ ಹಾಕಿಕೊಳ್ಳಲು ಮೊಮ್ಮಗಳನ್ನು ಕಾಯಬೇಕು. ಸೆರಗು ಹಿಂದಿನಿಂದ ತರಲು ಎಡಗೈ ಬೇಕು. ಎಕ್ಸ್-ರೇ ಚೆನ್ನಾಗಿದೆ ಎನ್ನುತ್ತಾರೆ. ಮನೆಯವರು 'ವ್ಯಾಯಾಮ ಬಿಟ್ಟಿದ್ದೇ ತಪ್ಪು, ಇನ್ನು ಇಷ್ಟೇ' ಎನ್ನುತ್ತಾರೆ. ಏಳು ತಿಂಗಳ ಮೇಲೆ ಫಿಜಿಯೋ ಶುರು ಮಾಡಿದರೆ ಪ್ರಯೋಜನ ಇದೆಯೇ? ಅನುಭವ ಇರುವವರು ಹೇಳಿ.

ಅರ್ಧ ಲೋಟ ಕಾಫಿ:
ಎರಡು ಬೆರಳಿನಲ್ಲಿ ಇಷ್ಟುದ್ದ ಟೈಪು ಮಾಡಿದ್ದೀರಿ, ಮೊಣಕೈಯಿಂದ ಕೆಳಗೆ ಎಲ್ಲವೂ ಸರಿ ಇದೆ ಎಂದಾಯಿತು. ಅರ್ಧ ಯುದ್ಧ ಗೆದ್ದಿದ್ದೀರಿ ಮೇಡಂ.

ಜೋಳದ ರೊಟ್ಟಿ:
ಖಂಡಿತ ಇದೆ ಅಕ್ಕಾ. ನನಗೆ 61, ವಿಜಯಪುರ. ನಾಲ್ಕು ವರ್ಷದ ಹಿಂದೆ ಬಲಭುಜದ ಕೀಲು ಬದಲಿಸಿದರು. ನನ್ನದು ಬಿದ್ದು ಮುರಿದದ್ದಲ್ಲ, ಸಂಧಿವಾತದಿಂದ ಸವೆದದ್ದು. ಒಂದು ಮಾತು ನೆನಪಿಡಿ: ಅಳುತ್ತಲಾದರೂ ಮಾಡಬೇಕು. ನಾನು ಟವೆಲಿನ ಒಂದು ತುದಿಯನ್ನು ಎಡಗೈಯಲ್ಲಿ ಹೆಗಲ ಮೇಲಿಂದ ಹಿಡಿದು, ಇನ್ನೊಂದು ತುದಿಯನ್ನು ಬೆನ್ನ ಹಿಂದೆ ಬಲಗೈಗೆ ಕೊಟ್ಟು, ಮಜ್ಜಿಗೆ ಕಡೆದಂತೆ ಎಳೆಯುತ್ತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಐದನೆಯ ತಿಂಗಳಲ್ಲಿ ಮೊದಲ ರೊಟ್ಟಿ ಬಡಿದೆ, ಹರಿದುಹೋಯಿತು. ಎಂಟನೆಯ ತಿಂಗಳಿಗೆ ಹತ್ತು ರೊಟ್ಟಿ. ಈಗ ಹಬ್ಬಕ್ಕೆ ಮೂವತ್ತಾದರೂ ಬಡಿಯುತ್ತೇನೆ. ನಾಳೆಯಿಂದಲೇ ಟವೆಲ್ ಹಿಡಿಯಿರಿ.

ಎಣ್ಣೆಶಾಸ್ತ್ರ:
ಯಂತ್ರ, ಕರೆಂಟು ಎಲ್ಲ ಬಿಟ್ಟು ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ನಲವತ್ತೆಂಟು ದಿನ ತಿಕ್ಕಿಸಿ. ನಮ್ಮೂರಿನಲ್ಲಿ ಕೀಲು ಎಳೆದು ಕೂರಿಸುವವರು ಒಬ್ಬರಿದ್ದಾರೆ, ಒಂದೇ ಎಳೆತಕ್ಕೆ ಲಟಕ್ ಎಂದು ಬಿಡಿಸುತ್ತಾರೆ.

ಕೀಲೆಣ್ಣೆ:
ದಯವಿಟ್ಟು ಯಾರೂ ಏನನ್ನೂ ಎಳೆಯಬೇಡಿ, ಟವೆಲನ್ನೂ ಸೇರಿಸಿ. ನಾನು ಧಾರವಾಡದಲ್ಲಿ ಫಿಜಿಯೋಥೆರಪಿಸ್ಟ್, ಹದಿನೆಂಟು ವರ್ಷದಿಂದ ಇದೇ ಕೆಲಸ. ಮೇಡಂ, ಮೊದಲು ನಿಮ್ಮ ಡಿಸ್ಚಾರ್ಜ್ ಕಾಗದ ತೆಗೆದು ಶಸ್ತ್ರಚಿಕಿತ್ಸೆಯ ಹೆಸರನ್ನು ಓದಿ ಹೇಳಿ. ಅದರಲ್ಲಿ 'ರಿವರ್ಸ್' ಎಂಬ ಪದ ಇದೆಯೇ ಇಲ್ಲವೇ? ಉಳಿದ ಮಾತೆಲ್ಲ ಅದರ ಮೇಲೆ ನಿಂತಿದೆ.

ಹಳೆಯ ಸೀಮೆಸುಣ್ಣ:
ಕಡತ ತೆಗೆದೆ. 'ರಿವರ್ಸ್ ಶೋಲ್ಡರ್ ಆರ್ತ್ರೋಪ್ಲಾಸ್ಟಿ, ಬಲ' ಎಂದಿದೆ. ಏಳು ತಿಂಗಳಿನಿಂದ ಬೀರುವಿನಲ್ಲಿತ್ತು, ನಾನೇ ಓದಿರಲಿಲ್ಲ. ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎನ್ನುತ್ತಿದ್ದವಳು! ಹಾಗೆಂದರೆ ಏನು?

ಕೀಲೆಣ್ಣೆ:
ಅಡುಗೆಮನೆಯ ಉದಾಹರಣೆ ಕೊಡುತ್ತೇನೆ. ಹಳೆಯ ಒರಳುಕಲ್ಲಿನಲ್ಲಿ ಒರಳು ನೆಲದಲ್ಲಿ ಕೂತಿರುತ್ತದೆ, ಗುಂಡು ತಿರುಗುತ್ತದೆ. ದೇವರು ಕೊಟ್ಟ ಭುಜ ಹಾಗೆ: ಹೆಗಲ ಹಲಗೆಯಲ್ಲಿ ಆಳವಿಲ್ಲದ ಒರಳು, ತೋಳಿನ ತುದಿಯಲ್ಲಿ ಗುಂಡು. ಜೋಳದ ರೊಟ್ಟಿ ಅವರಿಗೆ ಮಾಡಿದ್ದು ಅದೇ ಮಾದರಿ, ಸವೆದ ಗುಂಡಿನ ಜಾಗಕ್ಕೆ ಲೋಹದ ಗುಂಡು, ಒರಳಿಗೆ ಪ್ಲಾಸ್ಟಿಕ್ ಬಟ್ಟಲು. ಈಗಿನ ವೆಟ್ ಗ್ರೈಂಡರ್ ನೋಡಿ, ಕಲ್ಲು ನಿಂತಲ್ಲೇ ನಿಂತಿರುತ್ತದೆ, ಪಾತ್ರೆ ತಿರುಗುತ್ತದೆ. ನಿಮ್ಮದು ಅದು. ಗುಂಡನ್ನು ಹೆಗಲ ಹಲಗೆಗೆ ತಿರುಪು ಹಾಕಿ ಕೂರಿಸಿದ್ದಾರೆ, ಬಟ್ಟಲು ತೋಳಿಗೆ ಬಂದಿದೆ.

ಹೀಗೇಕೆ ಎಂದರೆ, ಮಾಮೂಲಿ ಭುಜದಲ್ಲಿ ಗುಂಡನ್ನು ಒರಳಿನ ನಡುವೆ ಹಿಡಿದಿಡುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳು. ಅವು ಹರಿದಿದ್ದರೆ, ಅಥವಾ ಅವು ಅಂಟಿಕೊಂಡ ಎಲುಬೇ ನಿಮ್ಮದರಂತೆ ಚೂರಾಗಿದ್ದರೆ, ಮಾಮೂಲಿ ಕೀಲು ಹಾಕಿ ಉಪಯೋಗ ಕಡಿಮೆ. ರಿವರ್ಸ್ ಕೀಲಿನಲ್ಲಿ ಕೈ ಎತ್ತುವ ಹೊರೆ ಬಹುಪಾಲು ಡೆಲ್ಟಾಯ್ಡ್ ಮೇಲೆ, ಅಂದರೆ ಭುಜದ ಹೊರಗೆ ದುಂಡಗೆ ಕಾಣುವ ಸ್ನಾಯುವಿನ ಮೇಲೆ. ಅದಕ್ಕೆ ಹೊಸ ಕೆಲಸ ಕಲಿಸಬೇಕು. ಕರೆಂಟು ಕೊಟ್ಟು ಕೂರಿಸಿದರೆ ಅದು ಕಲಿಯುವುದಿಲ್ಲ.

ಟವೆಲಿನ ವಿಷಯ: ಕೈ ಹಿಂದಕ್ಕೆ, ಮೈಗೆ ಒತ್ತಿ, ಒಳಕ್ಕೆ ತಿರುಗಿ ಬೆನ್ನಿಗೆ ಹೋಗುವ ಭಂಗಿ ಇದೆಯಲ್ಲ, ರಿವರ್ಸ್ ಕೀಲು ತಪ್ಪುವುದು ಆ ಭಂಗಿಯಲ್ಲೇ. ಮೊದಲ ಮೂರು ತಿಂಗಳು ಅದು ಪೂರ್ತಿ ನಿಷಿದ್ಧ. ಆಮೇಲೂ ಬಲವಂತವಾಗಿ ಎಳೆಯುವಂತಿಲ್ಲ.

ಜೋಳದ ರೊಟ್ಟಿ:
ನನಗೆ ಹೇಳಿಕೊಟ್ಟವರು ಟವೆಲನ್ನೇ ಹೇಳಿದ್ದು. ನಾನೇನು ಕನಸು ಕಂಡು ಬರೆದೆನೇ?

ಕೀಲೆಣ್ಣೆ:
ನಿಮಗೆ ಹೇಳಿದ್ದು ನಿಮ್ಮ ಕೀಲಿಗೆ ಸರಿ ಅಕ್ಕಾ. ನಿಮಗೂ ಮೊದಲ ಆರು ವಾರ ಹಾಗೆ ಎಳೆಯಲು ಬಿಟ್ಟಿರುವುದಿಲ್ಲ. ತೋಳನ್ನು ಹೊರಕ್ಕೆ ತಿರುಗಿಸುವುದಕ್ಕೂ ಮಿತಿ ಇಟ್ಟಿರುತ್ತಾರೆ, ಏಕೆಂದರೆ ಒಳಗೆ ಹೋಗಲು ಮುಂಭಾಗದ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವನ್ನು ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಆ ಹೊಲಿಗೆ ಬಿಟ್ಟರೆ ಕತೆ ಮುಗಿಯಿತು. ನೆನಪಿದೆಯೇ?

ಜೋಳದ ರೊಟ್ಟಿ:
ಹೌದು, ಮೊಣಕೈ ಪಕ್ಕೆಗೆ ಅಂಟಿಸಿ ಕೋಲು ಹಿಡಿದು ಇಷ್ಟೇ ಇಷ್ಟು ಹೊರಗೆ ತಿರುಗಿಸು ಎಂದಿದ್ದರು. ಮರೆತಿದ್ದೆ. ಸೀಮೆಸುಣ್ಣ ಅಕ್ಕಾ, ಟವೆಲ್ ಬೇಡ. ನನ್ನ ಮಾತನ್ನು ಹಿಂದೆ ತೆಗೆದುಕೊಂಡೆ.

ಅಡಿಕೆಚೊಗರು:
ಕೀಲೆಣ್ಣೆಯವರು ಹೇಳಿದ ಭಂಗಿಗೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ಅಪ್ಪನಿಗೆ 74, ತೀರ್ಥಹಳ್ಳಿ ಹತ್ತಿರ ತೋಟ. ಎಡಭುಜದ ಕಫ್ ಹರಿದು ಹರಿದು ಕೀಲೇ ಸವೆದಿತ್ತು, ರಿವರ್ಸ್ ಹಾಕಿಸಿದೆವು. ಎರಡೂವರೆ ತಿಂಗಳಿಗೆ ಅಣ್ಣನ ಮಗಳ ಮದುವೆ. ಅಪ್ಪ ಕಚ್ಚೆಪಂಚೆಯೇ ಆಗಬೇಕೆಂದು ಹಠ ಹಿಡಿದರು. ಯಾರನ್ನೂ ಕರೆಯದೆ ಕೋಣೆಯ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಕಚ್ಚೆ ಹಿಂದಕ್ಕೆ ಸಿಕ್ಕಿಸಲು ಹೋದರು. 'ಕಳಕ್' ಎಂದು ಕೇಳಿಸಿತಂತೆ. ಧಾರೆಯ ಹೊತ್ತಿಗೆ ನಾವು ಆಸ್ಪತ್ರೆಯಲ್ಲಿದ್ದೆವು. ಅರಿವಳಿಕೆ ಕೊಟ್ಟು ಮತ್ತೆ ಕೂರಿಸಿದರು, ಪುಣ್ಯಕ್ಕೆ ಕೊಯ್ಯಬೇಕಾಗಲಿಲ್ಲ. ಮತ್ತೆ ಸ್ಲಿಂಗ್, ಮತ್ತೆ ಒಂದರಿಂದ ಎಣಿಕೆ. ಈಗ ಎರಡು ವರ್ಷ ಆಯಿತು, ಕೈ ಹಣೆಯ ಮೇಲಕ್ಕೆ ಹೋಗುತ್ತದೆ, ದೋಟಿ ಹಿಡಿಯುವುದಿಲ್ಲ. ಪಂಚೆ ಮಾತ್ರ ಲುಂಗಿಯಂತೆ ಸುತ್ತುತ್ತಾರೆ.

ಅರ್ಧ ಲೋಟ ಕಾಫಿ:
ಹೊಲಿದ ಕಚ್ಚೆ ಈಗ ಸಿದ್ಧವಾಗಿಯೇ ಸಿಗುತ್ತದೆ, ಪೈಜಾಮದಂತೆ ಕಾಲು ತೂರಿಸಿದರೆ ಸಾಕು, ವೆಲ್‌ಕ್ರೋ ಬೇರೆ.

ಅಡಿಕೆಚೊಗರು:
ತಂದುಕೊಟ್ಟೆ. 'ಇದು ನಾಟಕದವರ ವೇಷ' ಎಂದು ಮೂಲೆಗೆ ಎಸೆದರು.

ಇನ್ನೊಂದು ವಿಷಯ, ಹೇಳಲು ಸಂಕೋಚ, ಆದರೆ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಅಪ್ಪನದು ಎಡಭುಜ. ಶೌಚದ ನಂತರ ತೊಳೆದುಕೊಳ್ಳುವುದು ಎಡಗೈಯಲ್ಲಿ. ಆ ಕೈಯೇ ಹಿಂದಕ್ಕೆ ಹೋಗುವುದಿಲ್ಲ. ಅಪ್ಪ ಅದಕ್ಕಾಗಿ ಊಟ ಕಡಿಮೆ ಮಾಡಿದ್ದರು. ನಮಗೆ ತಿಳಿದದ್ದು ಮೂರು ವಾರದ ಮೇಲೆ, ಅದೂ ಅಮ್ಮ ಹೇಳಿದ ಮೇಲೆ. ಎಡಭುಜದ ಶಸ್ತ್ರಚಿಕಿತ್ಸೆಗೆ ಹೋಗುವವರು ಮನೆಯಲ್ಲಿ ಕಮೋಡು, ಜೆಟ್ ನಳ್ಳಿ, ಮುಂದಿನಿಂದ ತೊಳೆಯುವ ಅಭ್ಯಾಸ, ಇಷ್ಟನ್ನು ಮೊದಲೇ ಮಾಡಿಕೊಳ್ಳಿ. ಕೂತು ಏಳುವ ದೇಸಿ ಶೌಚಾಲಯದಲ್ಲಿ ಆ ಕೈಯನ್ನು ನೆಲಕ್ಕೆ ಊರಿ ಏಳುವಂತೆಯೂ ಇಲ್ಲ.

ರಾತ್ರಿಪಾಳಿ:
ಸಂಕೋಚ ಪಡಬೇಡಿ, ಬಹಳ ಮುಖ್ಯವಾದ ಮಾತು. ಮೂಳೆ ವಾರ್ಡಿನಲ್ಲಿ ದಾದಿಯಾಗಿದ್ದವಳು ನಾನು. ಗಂಡಸರು ಇದನ್ನು ವೈದ್ಯರಿಗೆ ಹೇಳುವುದೇ ಇಲ್ಲ, ರಾತ್ರಿ ಎರಡು ಗಂಟೆಗೆ ನಮ್ಮನ್ನು ಕರೆದು ಗೋಡೆ ನೋಡುತ್ತಾ ಹೇಳುತ್ತಾರೆ.

ಸೀಮೆಸುಣ್ಣ ಮೇಡಂ, ನಿದ್ರೆ ಹೇಗಿದೆ? ನೋವು ಎಲ್ಲಿದೆ, ಯಾವಾಗ ಬರುತ್ತದೆ? ಅದನ್ನು ನೀವು ಬರೆದೇ ಇಲ್ಲ.

ಹಳೆಯ ಸೀಮೆಸುಣ್ಣ:
ಮೊದಲ ಎರಡು ತಿಂಗಳು ಆರಾಮಕುರ್ಚಿಯಲ್ಲೇ ಒರಗಿ ಮಲಗಿದ್ದೆ. ಈಗ ಹಾಸಿಗೆ, ಮೊಣಕೈ ಕೆಳಗೆ ದಿಂಬು. ಬಲಕ್ಕೆ ಹೊರಳುವುದಿಲ್ಲ. ನೋವು ಮೊದಲಿನಷ್ಟಿಲ್ಲ. ಆದರೆ ಸಂಕ್ರಾಂತಿಯ ನಂತರ ಭುಜದ ತುದಿಯ ಎಲುಬಿನ ಮೇಲೆ, ರವಿಕೆಯ ಹೊಲಿಗೆ ಬರುವ ಜಾಗದಲ್ಲಿ, ಒತ್ತಿದರೆ ನೋಯುತ್ತದೆ. ಅದು ಹೊಸದು. ಎಳ್ಳು ಬೀರಲು ಕೊಬ್ಬರಿ ಹೆಚ್ಚಿದ್ದು ಜಾಸ್ತಿಯಾಯಿತೇನೋ ಎಂದುಕೊಂಡೆ.

ರಾತ್ರಿಪಾಳಿ:
ಇದನ್ನು ಮೊದಲು ಹೇಳಬೇಕಿತ್ತು!

ಕೀಲೆಣ್ಣೆ:
ಹೌದು. ವ್ಯಾಯಾಮದ ಮಾತು ಒಂದು ವಾರ ಬದಿಗಿಡಿ. ರಿವರ್ಸ್ ಕೀಲಿನಲ್ಲಿ ಡೆಲ್ಟಾಯ್ಡ್ ಬಿಗಿಯಾಗಿ ಎಳೆಯುತ್ತಿರುತ್ತದೆ, ಅದು ಹುಟ್ಟುವ ಎಲುಬು ಈ ಭುಜದ ತುದಿಯೇ, ಅಕ್ರೋಮಿಯನ್ ಎನ್ನುತ್ತೇವೆ. ಮೂಳೆ ತೆಳುವಾದವರಲ್ಲಿ ಆ ಎಲುಬು ಬೀಳದೆಯೂ, ಏಟಾಗದೆಯೂ ಸಣ್ಣಗೆ ಬಿರುಕು ಬಿಡಬಹುದು. ಚೆನ್ನಾಗಿದ್ದವರಿಗೆ ಕೆಲವು ತಿಂಗಳ ಮೇಲೆ ಭುಜದ ತುದಿಯಲ್ಲಿ ಹೊಸ ನೋವು ಬಂದು, ಒತ್ತಿದರೆ ನೋಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಸಾದಾ ಎಕ್ಸ್-ರೇಯಲ್ಲಿ ತಪ್ಪಿಹೋಗುವುದುಂಟು, ಸಿಟಿ ಸ್ಕ್ಯಾನ್ ಬೇಕಾಗಬಹುದು. ಇದೆ ಎಂದು ನಾನು ಹೇಳುತ್ತಿಲ್ಲ. ಶಸ್ತ್ರವೈದ್ಯರ ಬಳಿ ಹೋಗಿ, 'ಇಲ್ಲಿ ನೋಯುತ್ತದೆ' ಎಂದು ಒಂದೇ ಬೆರಳಿನಿಂದ ತೋರಿಸಿ. ಕೈಯಿಡೀ ಸವರಿ ತೋರಿಸಬೇಡಿ.

ರಾತ್ರಿಪಾಳಿ:
ಜೊತೆಗೆ ಸೋಂಕಿನ ಬಗ್ಗೆಯೂ ಕೇಳಿ. ಭುಜದಲ್ಲಿ ಬರುವ ಸೋಂಕು ಕಳ್ಳನ ಹಾಗೆ. ಮೊಡವೆಗೆ ಕಾರಣವಾಗುವ ಚರ್ಮದ ಬ್ಯಾಕ್ಟೀರಿಯವೇ, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್, ಒಳಗೆ ಸೇರಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಜ್ವರ ಇಲ್ಲ, ಕೀವು ಇಲ್ಲ, ರಕ್ತಪರೀಕ್ಷೆಯೂ ಸರಿಯಾಗಿ ಕಾಣಬಹುದು. ಬಿಗಿತ ಮತ್ತು ಹೋಗದ ನೋವು ಮಾತ್ರ. ಪ್ರಯೋಗಾಲಯದಲ್ಲಿ ಅದು ಬೆಳೆಯುವುದೂ ನಿಧಾನ, ಮಾದರಿಯನ್ನು 14 ದಿನದವರೆಗೆ ಇಟ್ಟು ನೋಡುತ್ತಾರೆ.

ಎಣ್ಣೆಶಾಸ್ತ್ರ:
ಹೆದರಿಸುವುದೇ ಕೆಲಸವಾಯಿತು ನಿಮಗೆಲ್ಲ. ಎಣ್ಣೆಯಿಂದ ಯಾರಿಗೂ ಏನೂ ಆಗಿಲ್ಲ.

ಕೀಲೆಣ್ಣೆ:
ಗಾಯ ಪೂರ್ತಿ ಒಣಗಿದ ಮೇಲೆ ಮೃದುವಾಗಿ ಎಣ್ಣೆ ಸವರಲು ನನ್ನ ಅಡ್ಡಿ ಇಲ್ಲ, ಕಲೆಯ ಚರ್ಮ ಸಡಿಲಾಗುತ್ತದೆ. ನನ್ನ ತಕರಾರು ಆ 'ಲಟಕ್' ಬಗ್ಗೆ. ಒಳಗಿರುವುದು ತಿರುಪು ಹಾಕಿದ ಲೋಹ. ಹಾಗೆಯೇ ಯಂತ್ರದವರಿಗೂ ಒಂದು ಮಾತು: ಶಾರ್ಟ್‌ವೇವ್ ಡಯಾಥರ್ಮಿ ಎಂಬ ಶಾಖದ ಯಂತ್ರವನ್ನು ಲೋಹದ ಕೀಲಿರುವ ಜಾಗಕ್ಕೆ ಇಡಕೂಡದು, ಲೋಹ ಒಳಗೇ ಕಾದು ಅಂಗಾಂಶ ಸುಡಬಹುದು. ಎಲ್ಲಿಗೇ ಹೋದರೂ 'ಒಳಗೆ ಲೋಹ ಇದೆ' ಎಂದು ಮೊದಲು ಹೇಳಿ.

ಲೆಕ್ಕಪತ್ರ:
ಖರ್ಚು ಎಷ್ಟಾಯಿತು ಎಂದು ಯಾರೂ ಹೇಳುತ್ತಿಲ್ಲ. ಮಂಡಿಚಿಪ್ಪಿನ ಕೀಲಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಮಿತಿ ಹಾಕಿತು. ಭುಜದ ಕೀಲು ಆ ಪಟ್ಟಿಯಲ್ಲಿರಲಿಲ್ಲ. ವಿಮೆಯವರೂ ಶಸ್ತ್ರಚಿಕಿತ್ಸೆಗೆ ಕೊಟ್ಟು ಫಿಜಿಯೋಗೆ ಕೈಯೆತ್ತಿದರು.

ಅರ್ಧ ಲೋಟ ಕಾಫಿ:
ವಿಮೆಯವರ ಭುಜ ಮಾತ್ರ ಎಲ್ಲರಿಗಿಂತ ಚೆನ್ನಾಗಿ ಮೇಲೇಳುತ್ತದೆ.

ಲೆಕ್ಕಪತ್ರ:
ತಮಾಷೆ ಅಲ್ಲ ಸ್ವಾಮಿ. ಕೀಲಿಗೆ ಲಕ್ಷಗಟ್ಟಲೆ ಕೊಟ್ಟವರು ದಿನಕ್ಕೆ ನಾನೂರು ರೂಪಾಯಿಗೆ ಹಿಂದೆಮುಂದೆ ನೋಡುವಂತಾಗುತ್ತದೆ. ಮೇಡಂ ಬಿಟ್ಟದ್ದು ಸೋಮಾರಿತನದಿಂದಲ್ಲ, ಆಟೋ ಬಾಡಿಗೆಯಿಂದ.

ದೂರದ ಮಳೆ:
ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ, ಊರು ಹಾಸನ. ಅತ್ತೆಗೆ ಇಲ್ಲಿ ರಿವರ್ಸ್ ಮಾಡಿಸಿದೆವು. ಇಲ್ಲಿ ಫಿಜಿಯೋ ದಿನಾ ಇರಲಿಲ್ಲ, ವಾರಗಳ ಅಂತರದಲ್ಲಿ ಒಮ್ಮೆ. ಆದರೆ ಪ್ರತಿ ಸಲ ಹಾಳೆಯ ಮೇಲೆ ಚಿತ್ರ ಬರೆದು ಕೊಟ್ಟರು, ಯಾವ ವಾರ ಏನು, ಎಷ್ಟು ಸಲ, ಏನು ಮಾಡಕೂಡದು. ಅತ್ತೆ ಅದನ್ನು ಫ್ರಿಜ್‌ಗೆ ಅಂಟಿಸಿ ಪಂಚಾಂಗದ ಹಾಗೆ ನೋಡುತ್ತಿದ್ದರು.

ಆಕ್ಸ್‌ಫರ್ಡ್ ಭುಜದ ಅಂಕಪಟ್ಟಿ ಎಂದು ಒಂದಿದೆ, 1996ರಲ್ಲಿ ರೂಪಿಸಿದ್ದು. ಹನ್ನೆರಡು ಪ್ರಶ್ನೆ, ಈಗಿನ ಎಣಿಕೆಯಲ್ಲಿ ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 48. ತಲೆ ಬಾಚಬಲ್ಲಿರಾ, ಬಟ್ಟೆಯನ್ನು ಕಪಾಟಿನಲ್ಲಿ ತೂಗುಹಾಕಬಲ್ಲಿರಾ, ಊಟದ ಟ್ರೇ ಹಿಡಿದು ಕೋಣೆ ದಾಟಬಲ್ಲಿರಾ, ರಾತ್ರಿ ನೋವು ಎಷ್ಟು, ಹೀಗೆ. ಚಾಕು ಮತ್ತು ಫೋರ್ಕ್ ಒಟ್ಟಿಗೆ ಹಿಡಿಯಬಲ್ಲಿರಾ ಎಂಬ ಪ್ರಶ್ನೆಗೆ ಅತ್ತೆ 'ನನಗೆ ಮೊದಲೂ ಆಗುತ್ತಿರಲಿಲ್ಲ' ಎಂದರು.

ಜೋಳದ ರೊಟ್ಟಿ:
ನಮ್ಮ ಪಟ್ಟಿ ಬೇರೆ ಮಾಡಬೇಕು. ರೊಟ್ಟಿ ಬಡಿಯುವುದು, ಕುಪ್ಪಸದ ಗುಂಡಿ, ಹಿಂಡಿದ ಸೀರೆ ತಂತಿಗೆ ಎಸೆಯುವುದು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದು.

ಅಡಿಕೆಚೊಗರು:
ಬಸ್ಸಿನ ಕಂಬಿ ಬೇಡವೇ ಬೇಡ. ನಮ್ಮ ಘಾಟಿಯ ತಿರುವಿನಲ್ಲಿ ಒಂದು ಬ್ರೇಕ್ ಸಾಕು.

ಕಟ್ಟೆಪುರಾಣ:
ಸ್ವಲ್ಪ ದಾರಿ ತಪ್ಪುತ್ತೇನೆ. ಭುಜಕ್ಕೆ ಮೊದಲ ಕೃತಕ ಕೀಲು ಹಾಕಿದ್ದು 1893ರಲ್ಲಿ, ಪ್ಯಾರಿಸ್‌ನಲ್ಲಿ, ಪೇಯಾನ್ ಎಂಬ ಶಸ್ತ್ರವೈದ್ಯ. ರೋಗಿ 37 ವರ್ಷದ ಒಬ್ಬ ಬೇಕರಿ ಕೆಲಸದವನು, ಭುಜಕ್ಕೆ ಕ್ಷಯ ತಗುಲಿತ್ತು. ತೋಳು ಕತ್ತರಿಸಲು ಅವನು ಒಪ್ಪಲಿಲ್ಲ. ಒಬ್ಬ ದಂತವೈದ್ಯ ಪ್ಲಾಟಿನಂ ಕೊಳವೆಗೆ ಪ್ಯಾರಾಫಿನ್‌ನಲ್ಲಿ ಕುದಿಸಿ ಗಟ್ಟಿ ಮಾಡಿದ ರಬ್ಬರ್ ಗುಂಡು ಜೋಡಿಸಿ ಕೀಲು ತಯಾರಿಸಿಕೊಟ್ಟ. ಸುಮಾರು ಎರಡು ವರ್ಷ ನಡೆಯಿತು, ಸೋಂಕು ಬಿಡಲಿಲ್ಲ, ತೆಗೆಯಬೇಕಾಯಿತು. ಸೀಮೆಸುಣ್ಣ ಅವರ ರಿವರ್ಸ್ ಕೀಲೂ ಫ್ರಾನ್ಸಿನದೇ ಸಂತಾನ. 1985ರ ಸುಮಾರಿಗೆ ದಿಜೋನ್ ನಗರದ ಪಾಲ್ ಗ್ರಾಮಾಂಟ್ ರೂಪಿಸಿದ್ದು. ಅಮೆರಿಕದಲ್ಲಿ ಅನುಮತಿ ಸಿಗಲು 2003 ಆಗಬೇಕಾಯಿತು.

ಜೋಳದ ರೊಟ್ಟಿ:
ಹಾಗಾದರೆ ಮೊದಲ ರೋಗಿಯೂ ರೊಟ್ಟಿ ಮಾಡುವವನೇ! ನನ್ನ ಕುಲದವನು.

ಅರ್ಧ ಲೋಟ ಕಾಫಿ:
ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಕೀಲು ಕೂಗುತ್ತದೆಯೇ? ಇದು ತಮಾಷೆಯ ಪ್ರಶ್ನೆ ಅಲ್ಲ, ಚಿಕ್ಕಪ್ಪನಿಗೆ ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ.

ದೂರದ ಮಳೆ:
ಅತ್ತೆಯದು ವಿಮಾನ ನಿಲ್ದಾಣದಲ್ಲಿ ಪ್ರತಿ ಸಲ ಕೂಗುತ್ತದೆ. ಕೈಯಿಂದ ತೋರಿಸಿ ಹೇಳುತ್ತಾರೆ, ಬಿಡುತ್ತಾರೆ. ಬೆಂಗಳೂರಿನಲ್ಲಿ ಒಮ್ಮೆ ತಪಾಸಣೆಯ ಹುಡುಗಿ ತನ್ನ ಅಮ್ಮನ ಮಂಡಿನೋವಿನ ಕತೆ ಹೇಳಿ ಹತ್ತು ನಿಮಿಷ ನಿಲ್ಲಿಸಿಕೊಂಡಳು.

ಹಳೆಯ ಸೀಮೆಸುಣ್ಣ:
ಹತ್ತು ದಿನ ಬರೆಯಲಿಲ್ಲ, ಕ್ಷಮಿಸಿ. ಶಸ್ತ್ರವೈದ್ಯರ ಬಳಿ ಹೋಗಿ ಒಂದೇ ಬೆರಳಿನಿಂದ ತೋರಿಸಿದೆ. ಅವರು ನನ್ನ ಮುಖ ನೋಡಿ, 'ಯಾರು ಹೇಳಿಕೊಟ್ಟರು?' ಎಂದರು. ಸಿಟಿ ಸ್ಕ್ಯಾನ್ ಆಯಿತು. ಬಿರುಕು ಇಲ್ಲ. ಸೋಂಕಿನ ಲಕ್ಷಣವೂ ಸದ್ಯಕ್ಕೆ ಕಾಣುತ್ತಿಲ್ಲ, ಮೂರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು. ವಿಟಮಿನ್ ಡಿ ಬಹಳ ಕಡಿಮೆ ಇದೆ, ಮೂಳೆಯ ಸಾಂದ್ರತೆಯೂ ಕಡಿಮೆ, ಅದಕ್ಕೆ ಔಷಧಿ ಶುರುವಾಗಿದೆ. ಡೆಲ್ಟಾಯ್ಡ್ ಸೊರಗಿದೆಯಂತೆ. ಕೈ ಎತ್ತು ಎಂದರೆ ನಾನು ಭುಜವನ್ನೇ ಕಿವಿಯ ಹತ್ತಿರ ಎತ್ತುತ್ತೇನೆ, ಮೈಯನ್ನು ಹಿಂದಕ್ಕೆ ಬಾಗಿಸುತ್ತೇನೆ, ಅದರಿಂದಲೇ ತುದಿಯಲ್ಲಿ ನೋವು ಎಂದರು. ಕನ್ನಡಿಯ ಮುಂದೆ ನಿಂತು ನೋಡಿದೆ. ನಿಜ. ಉತ್ತರ ಗೊತ್ತಿಲ್ಲದ ಹುಡುಗ 'ನನಗೇನು' ಎಂದು ಭುಜ ಹಾರಿಸುತ್ತಾನಲ್ಲ, ಹಾಗಿದ್ದೆ.

ವ್ಯಾಯಾಮ ಮಾಡಬಹುದು ಎಂದಿದ್ದಾರೆ. ಕೀಲೆಣ್ಣೆಯವರೇ, ಹೇಗೆ ಎಂದು ಹೇಳುವಿರಾ? ದಿನಾ ಪೇಟೆಗೆ ಹೋಗಲಾರೆ.

ಕೀಲೆಣ್ಣೆ:
ಸಂತೋಷ. ಹದಿನೈದು ದಿನಕ್ಕೊಮ್ಮೆಯಾದರೂ ಹತ್ತಿರದ ಒಬ್ಬ ಫಿಜಿಯೋಥೆರಪಿಸ್ಟ್ ನಿಮ್ಮ ಭುಜವನ್ನು ಕಣ್ಣಾರೆ ನೋಡಲಿ, ಇಲ್ಲಿ ಬರೆದದ್ದು ಅದಕ್ಕೆ ಬದಲಿ ಅಲ್ಲ. ಸಾಮಾನ್ಯ ಕ್ರಮ ಹೇಳುತ್ತೇನೆ: ಮಲಗಿ, ಒರಗಿ, ಆಮೇಲೆ ಕುಳಿತು.

ಮೊದಲು ಅಂಗಾತ ಮಲಗಿ. ಎಡಗೈಯಿಂದ ಬಲಮುಂಗೈ ಹಿಡಿದು ಎರಡನ್ನೂ ಸೂರಿನ ಕಡೆಗೆ ಎತ್ತಿ. ಮಲಗಿದಾಗ ತೋಳು ನೆಟ್ಟಗಾದರೆ ಅದರ ಭಾರ ಭುಜದ ಮೇಲೇ ಕೂರುತ್ತದೆ, ಡೆಲ್ಟಾಯ್ಡ್‌ಗೆ ಕೆಲಸ ಹಗುರ. ಅಲ್ಲಿ ಎಡಗೈ ಬಿಟ್ಟು ಬಲಗೈಯನ್ನು ಒಂಟಿಯಾಗಿ ನಿಲ್ಲಿಸಿ, ಗಾಳಿಯಲ್ಲಿ ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಅದು ಸಲೀಸಾದ ಮೇಲೆ ಬೆನ್ನಿಗೆ ದಿಂಬು ಪೇರಿಸಿ ಅರ್ಧ ಒರಗಿ ಅದನ್ನೇ ಮಾಡಿ. ಕೊನೆಗೆ ಕುಳಿತು. ಒಂದು ಹಂತದಲ್ಲಿ ಭುಜ ಕಿವಿಗೆ ಏರಿದರೆ ಹಿಂದಿನ ಹಂತಕ್ಕೆ ಇಳಿಯಿರಿ. ಒಂದೇ ಸಲ ನೂರು ಬೇಡ, ಹತ್ತು ಹತ್ತರಂತೆ ದಿನಕ್ಕೆ ಮೂರು ನಾಲ್ಕು ಸಲ. ಅರ್ಧ ಗಂಟೆಯಲ್ಲಿ ಇಳಿಯುವ ನೋವು ಸರಿ, ರಾತ್ರಿ ಎಬ್ಬಿಸುವ ನೋವು ಬಂದರೆ ಮರುದಿನ ಅರ್ಧಕ್ಕೆ ಇಳಿಸಿ. ಇದರಲ್ಲಿ ಅಳುವ ಅಗತ್ಯ ಎಲ್ಲೂ ಇಲ್ಲ, ರೊಟ್ಟಿ ಅಕ್ಕ ಕ್ಷಮಿಸಬೇಕು.

ಮೇಜಿನ ಮೇಲೆ ಬಟ್ಟೆ ಇಟ್ಟು ಒರೆಸಿದಂತೆ ಕೈ ಮುಂದಕ್ಕೆ ಜಾರಿಸುವುದೂ ಒಳ್ಳೆಯದು. ರಾಟೆ ಇದ್ದರೆ ಇನ್ನೂ ಒಳ್ಳೆಯದು.

ಅಡಿಕೆಚೊಗರು:
ರಾಟೆ ಎಂದಾಗ ನೆನಪಾಯಿತು. ಅಂಗಡಿಯ ಪುಲ್ಲಿ ಕಿಟ್ ಬಿಟ್ಟು ಅಪ್ಪ ಹಳೆಯ ಬಾವಿಯ ರಾಟೆಯನ್ನೇ ಜಗಲಿಯ ತೊಲೆಗೆ ಕಟ್ಟಿಸಿಕೊಂಡರು. ಹಗ್ಗದ ಎರಡೂ ತುದಿಗೆ ಅಡಿಕೆ ದಬ್ಬೆಯ ತುಂಡು ಹಿಡಿಕೆ. ರಾಟೆಯ ಕೆಳಗೆ ಕುರ್ಚಿ. ಒಳ್ಳೆಯ ಕೈ ಕೆಳಗೆ ಎಳೆದರೆ ಸೋತ ಕೈ ಮೇಲೆ ಹೋಗುತ್ತದೆ. ಆ ರಾಟೆ ಕಿರ್ರೋ ಎಂದು ಕೂಗುವುದು ಇಡೀ ಕೇರಿಗೆ ಕೇಳಿಸುತ್ತಿತ್ತು. ಒಂದು ದಿನ ಕೇಳಿಸದಿದ್ದರೆ ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದಲೇ 'ಇವತ್ತು ನೀರು ಸೇದಲಿಲ್ಲವೇ?' ಎನ್ನುತ್ತಿದ್ದರು. ಅಪ್ಪ ವ್ಯಾಯಾಮ ತಪ್ಪಿಸದಿದ್ದದ್ದು ವೈದ್ಯರ ಭಯಕ್ಕಲ್ಲ, ಆ ಅಜ್ಜಿಯ ಬಾಯಿಗೆ.

ಲೆಕ್ಕಪತ್ರ:
ಭಾರ ಎಷ್ಟು ಎತ್ತಬಹುದು? ಅದಕ್ಕೆ ನೇರ ಉತ್ತರ ಯಾರೂ ಕೊಡುವುದಿಲ್ಲ.

ಕೀಲೆಣ್ಣೆ:
ಒಂದೇ ಸಂಖ್ಯೆ ಇಲ್ಲ, ಶಸ್ತ್ರವೈದ್ಯರಿಂದ ಶಸ್ತ್ರವೈದ್ಯರಿಗೆ ಬದಲಾಗುತ್ತದೆ, ನಿಮ್ಮವರನ್ನೇ ಕೇಳಬೇಕು. ಮೊದಲ ಆರು ವಾರ ಕಾಫಿ ಲೋಟಕ್ಕಿಂತ ಹೆಚ್ಚಿಲ್ಲ ಎಂದಿಟ್ಟುಕೊಳ್ಳಿ. ವರ್ಷದ ಮೇಲೂ 20 ಲೀಟರಿನ ನೀರಿನ ಕ್ಯಾನ್, ತುಂಬಿದ ಗ್ಯಾಸ್ ಸಿಲಿಂಡರ್ ಇವನ್ನು ಆ ಕೈ ಮರೆಯಬೇಕು. ಸಿಲಿಂಡರ್‌ನಲ್ಲಿ ಅನಿಲವೇ 14.2 ಕೆಜಿ, ಕಬ್ಬಿಣ ಸೇರಿ ಮೂವತ್ತರ ಹತ್ತಿರ. ಸ್ಕೂಟರನ್ನು ಜೋಡಿ ಸ್ಟ್ಯಾಂಡಿಗೆ ಎತ್ತುವುದೂ ಹಾಗೆಯೇ.

ದೂರದ ಮಳೆ:
ಎಷ್ಟು ವರ್ಷ ಬಾಳುತ್ತದೆ ಎಂದು ನಾವು ಕೇಳಿದ್ದೆವು. ಹತ್ತು ವರ್ಷದ ನಂತರವೂ ಹತ್ತರಲ್ಲಿ ಸುಮಾರು ಒಂಬತ್ತು ಕೀಲುಗಳು ಹಾಗೆಯೇ ಇರುತ್ತವೆ ಎಂದರು. ಅತ್ತೆಗೆ 79, ಅವರು ಮತ್ತೇನೂ ಕೇಳಲಿಲ್ಲ.

ಎಣ್ಣೆಶಾಸ್ತ್ರ:
ಮೇಡಂ, ಒಂದು ಕೇಳುತ್ತೇನೆ. ನನ್ನ ತಂಗಿಗೂ ಬಿದ್ದು ಭುಜಕ್ಕೆ ಕೀಲು ಹಾಕಿದ್ದಾರೆ, ನಾಲ್ಕು ತಿಂಗಳಾಯಿತು. ಆ ಎಳೆಯುವವರ ಬಳಿ ಕರೆದೊಯ್ಯಬೇಕೆಂದಿದ್ದೆ. ಇದನ್ನೆಲ್ಲ ಓದಿ ಅವಳ ಕಾಗದ ತರಿಸಿದೆ. ಅದರಲ್ಲೂ ರಿವರ್ಸ್ ಎಂದೇ ಇದೆ.

ಕೀಲೆಣ್ಣೆ:
ಕರೆದೊಯ್ಯಬೇಡಿ. ತಂಗಿಯನ್ನು ಇಲ್ಲಿಗೆ ಕರೆತನ್ನಿ, ಅವರೇ ಬರೆಯಲಿ.

ಹಳೆಯ ಸೀಮೆಸುಣ್ಣ:
ಯುಗಾದಿಯ ಶುಭಾಶಯಗಳು. ಏಳು ವಾರವಾಯಿತು, ವರದಿ ಒಪ್ಪಿಸುತ್ತೇನೆ.

ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಿ, ಭುಜ ಕಿವಿಗೆ ಏರುವ ಮುನ್ನ ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದೇನೆ. ಮೊದಲ ಗೆರೆ ಮಸಾಲೆ ಡಬ್ಬಿಯ ಹಲಗೆಯ ಕೆಳಗಿತ್ತು. ನಿನ್ನೆಯದು ಹಲಗೆಯಿಂದ ಒಂದು ಗೇಣು ಮೇಲೆ. ನಡುವೆ ಎರಡು ವಾರ ಗೆರೆ ಅಲುಗಲಿಲ್ಲ, ಒಂದು ದಿನ ಇಳಿದೂ ಇತ್ತು. ಆ ದಿನ ಮಾವಿನ ತೋರಣ ಕಟ್ಟಲು ಹೋಗಿದ್ದೆ, ಹೇಳಿಕೊಳ್ಳಬಾರದಿತ್ತು, ಹೇಳಿದೆ.

ಬಾಚಣಿಗೆ ಹಣೆಯ ಅಂಚಿನ ಕೂದಲು ಮುಟ್ಟುತ್ತದೆ. ಬೈತಲೆ ನಾನೇ ತೆಗೆದುಕೊಳ್ಳುತ್ತೇನೆ, ವಕ್ರ ಬರುತ್ತದೆ. ಗಣಿತದವಳ ಬೈತಲೆ ವಕ್ರ! ಹಿಂದಿನ ಜಡೆ ಇನ್ನೂ ಮೊಮ್ಮಗಳದೇ. ರಾತ್ರಿ ನೋವಿಗೆ ಎಚ್ಚರವಾಗಿ ಹದಿನೈದು ದಿನವಾಯಿತು. ಭುಜದ ತುದಿ ಒತ್ತಿದರೆ ಸ್ವಲ್ಪ ನೋಯುತ್ತದೆ, ಹಾಗಾಗಿ ಒತ್ತುವುದನ್ನು ಬಿಟ್ಟಿದ್ದೇನೆ.

ಕೀಲೆಣ್ಣೆ:
ಒಂಬತ್ತನೆಯ ತಿಂಗಳಿಗೆ ಇದು ಒಳ್ಳೆಯ ಫಲಿತಾಂಶ. ವರ್ಷ ತುಂಬುವವರೆಗೆ ಗೆರೆ ಏರುತ್ತದೆ, ಎರಡನೆಯ ವರ್ಷದಲ್ಲೂ ಅಷ್ಟಿಷ್ಟು. ಕೈ ಬೆನ್ನ ಹಿಂದೆ ಹೋಗುವುದು ಮಾತ್ರ ರಿವರ್ಸ್‌ನಲ್ಲಿ ಅನೇಕರಿಗೆ ಪೂರ್ತಿ ಬರುವುದಿಲ್ಲ, ಅದನ್ನು ಬೆನ್ನಟ್ಟಬೇಡಿ. ತೋರಣ ಕಟ್ಟಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ?

ಹಳೆಯ ಸೀಮೆಸುಣ್ಣ:
ಇದ್ದರು. ಅವರು ಕಟ್ಟಿದರೆ ಓರೆಯಾಗುತ್ತದೆ.

ರಾತ್ರಿಪಾಳಿ:
ಬಚ್ಚಲಿನ ಪಾಚಿ ಏನಾಯಿತು? ಎಲ್ಲರೂ ಭುಜದ ಮಾತಾಡಿದಿರಿ, ಬಿದ್ದ ಜಾಗವನ್ನು ಯಾರೂ ಕೇಳಲಿಲ್ಲ.

ಹಳೆಯ ಸೀಮೆಸುಣ್ಣ:
ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿದೆ, ಗೋಡೆಗೆ ಹಿಡಿ ಹಾಕಿಸಿದೆ, ಎಡಗಡೆಗೆ. ಕಾಲೊರಸು ಬದಲಾಯಿಸಿ ಒರಟು ಚಾಪೆ ಬಂದಿದೆ.

ಅರ್ಧ ಲೋಟ ಕಾಫಿ:
ಅಡುಗೆಮನೆ ಗೋಡೆಯ ಬಣ್ಣ ಯಾವುದು ಮೇಡಂ? ಆಯಿಲ್ ಪೇಂಟ್ ಆದರೆ ಒದ್ದೆಬಟ್ಟೆಗೆ ಗೆರೆ ಹೋಗುತ್ತದೆ. ಡಿಸ್ಟೆಂಪರ್ ಆದರೆ ಕಲೆ ಉಳಿಯುತ್ತದೆ.

ಹಳೆಯ ಸೀಮೆಸುಣ್ಣ:
ಡಿಸ್ಟೆಂಪರ್. ನಮ್ಮ ಯಜಮಾನರೂ ಇದನ್ನೇ ಕೇಳಿ ಮೊನ್ನೆ ಒದ್ದೆಬಟ್ಟೆ ಹಿಡಿದು ಬಂದಿದ್ದರು. ದೀಪಾವಳಿಯವರೆಗೆ ಆ ಗೋಡೆಯ ಹತ್ತಿರ ಯಾರೂ ಸುಳಿಯಕೂಡದು ಎಂದು ಅಪ್ಪಣೆಯಾಗಿದೆ.